ಮೂರನೇ ಸಿಲಿಂಡರಿನ ಗೋಡೆ

ರೇಸ್ ಕಾರಿನ ಎಂಜಿನ್ ಹೊಟ್ಟೆ ಬಗೆದಂತೆ ಒಡೆದು ವರ್ಕ್‌ಶಾಪಿನ ಮೇಜಿನ ಮೇಲಿತ್ತು. ಮೂರನೇ ಸಿಲಿಂಡರಿನ ಗೋಡೆ ಸೀಳಿ, ಎಣ್ಣೆ ಚಿಮ್ಮಿ, ಬೆಂಕಿ ಹತ್ತಿತ್ತು. ಕಾರು ಓಡಿಸುತ್ತಿದ್ದವನು ಕಾಲು ಸುಟ್ಟುಕೊಂಡು ಆಸ್ಪತ್ರೆ ಸೇರಿದ್ದ.

ಎಂಜಿನ್ ಕಟ್ಟಿದವನು ಅವನ ಸ್ವಂತ ಅಣ್ಣ. "ಗಡ್ಡನದೇ ಕೈವಾಡ ಮೇಡಂ," ಎಂದು ಅವನೇ ದೂರು ಕೊಟ್ಟಿದ್ದ. ಗಡ್ಡ ಎಂದರೆ ಜಗಳವಾಡಿ ಬಿಟ್ಟುಹೋದ ಪಾಲುದಾರ. ರೇಸಿನ ಬೆಳಿಗ್ಗೆ ಅವನು ಕಾರಿನ ಬಳಿ ಸುಳಿದಾಡಿದ್ದನ್ನು ಕಂಡವರಿದ್ದರು. ಇನ್ಸ್‌ಪೆಕ್ಟರಮ್ಮ ಹಿಂದುಮುಂದು ನೋಡದೆ ಅವನನ್ನು ಒಳಗೆ ಹಾಕಿದ್ದರು.

* * *

"ಗೋಡೆ ಉಜ್ಜಿ ತೆಳು ಮಾಡಿದೆಯಂತೆ?"

ಕಂಬಿ ಹಿಂದೆ ಗಡ್ಡ ನಕ್ಕೇಬಿಟ್ಟ. "ಎಂಜಿನ್ ಬಿಚ್ಚದೇನಾ? ಗೋಡೆ ಒಳಗಡೆ ಪಿಸ್ಟನ್, ಹೊರಗಡೆ ಸುತ್ತ ನೀರು. ನುಗ್ಗೋಕೆ ನಾನೇನು ಇರುವೆನಾ ಮೇಡಂ?"

"ಮತ್ತೆ ಅಲ್ಲೇನು ಕೆಲಸ?"

"ಗೆದ್ದು ಬಾ ಅನ್ನೋಕೆ ಹೋಗಿದ್ದೆ. ನಮ್ಮ ಜಗಳಕ್ಕೆ ಆ ಚಿಕ್ಕವನೇನು ಮಾಡಿದಾನೆ?"

ಇನ್ಸ್‌ಪೆಕ್ಟರಮ್ಮನಿಗೆ ಚುರುಕ್ ಎಂದಿತು. ಬೀಗ ಹಾಕುವ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಇದು.

* * *

"ಗೋಡೆ ಎಷ್ಟು ದಪ್ಪ ಇರ್ಬೇಕು?"

"ಈ ಎಂಜಿನ್‌ಗೆ ನಾಲ್ಕು ಮಿಲಿಮೀಟರ್. ಸಿಲಿಂಡರ್ ಒಳಗೆ ಕೊರೆಸಿ ಬೋರ್ ಮಾಡಿಸಿದ್ಮೇಲೆ ನಾನೇ ಅಳೆದೆ. ಎಲ್ಲದರಲ್ಲೂ ನಾಲ್ಕರ ಮೇಲಿತ್ತು," ಎಂದ ಅಣ್ಣ.

ಅವನು ತೋರಿಸಿದ್ದು ಅಂಗೈಯಗಲದ ಯಂತ್ರ. ಲೋಹದೊಳಗೆ ಶಬ್ದ ಕಳಿಸಿ, ಅದು ಮರಳುವ ಹೊತ್ತಿನ ಮೇಲೆ ದಪ್ಪ ಹೇಳುತ್ತದೆ. ಉಕ್ಕಿನಲ್ಲಿ ಶಬ್ದ ಬೇಗ ಓಡುತ್ತದೆ; ಅದಕ್ಕೇ ಉಕ್ಕಿಗೊಂದು ಸೆಟ್ಟಿಂಗ್, ಈ ಎಂಜಿನ್ನಿನಂಥ ಎರಕದ ಕಬ್ಬಿಣಕ್ಕೆ ಇನ್ನೊಂದು.

"ಇದನ್ನ ಬೇರೆ ಯಾರು ಮುಟ್ತಾರೆ?"

"ಯಾರಿಗೂ ಕೊಡಲ್ಲ. ಬೀರುವಿನ ಕೀ ನನ್ನ ಹತ್ರಾನೇ."

ಇನ್ಸ್‌ಪೆಕ್ಟರಮ್ಮ ಒಡೆಯದ ಸಿಲಿಂಡರುಗಳನ್ನು ಅಳೆಸಿದರು. ಒಂದೊಂದೂ ಮೂರು ಚಿಲ್ಲರೆ. ಒಡೆದ ಚೂರನ್ನು ಯಂತ್ರದಲ್ಲೂ ನೋಡಿದರು, ಇಕ್ಕಳದಂತೆ ಕಚ್ಚಿ ಅಳೆಯುವ ಕ್ಯಾಲಿಪರಿನಲ್ಲೂ ಹಿಡಿದರು. ಎರಡೂ ಒಂದೇ ಹೇಳಿದವು.

"ಗಡ್ಡ ಉಜ್ಜಿದ್ರೆ ಒಂದು ತೆಳುವಾಗ್ಬೇಕಿತ್ತು. ಇಲ್ಲಿ ಎಲ್ಲಾ ತೆಳುವಾಗಿವೆ. ಅವತ್ತು ಯಂತ್ರ ಉಕ್ಕಿನ ಸೆಟ್ಟಿಂಗ್‌ನಲ್ಲಿತ್ತು, ಅದಕ್ಕೇ ಹೆಚ್ಚು ತೋರಿಸ್ತು. ಮರೆವು ಯಾರಿಗಿಲ್ಲ? ಆದ್ರೆ ಇವತ್ತು ಸೆಟ್ಟಿಂಗ್ ಸರಿಯಾಗಿದೆ. ಸರಿ ಮಾಡಿದ್ದು ಯಾರು? ಯಾವಾಗ?"

ಅಣ್ಣ ಬೀರುವಿನ ಕೀ ತೆಗೆದು ಮೇಜಿನ ಮೇಲಿಟ್ಟ.

"ಎಂಜಿನ್ ಅಳೆಯೋ ಮುಂಚೆ ಇದ್ರಲ್ಲೇ ಉಕ್ಕಿನ ಪೈಪ್ ನೋಡಿದ್ದೆ, ಸೆಟ್ಟಿಂಗ್ ಬದಲಾಯಿಸೋದು ಮರೆತೆ. ರೇಸಿನ ಹಿಂದಿನ ದಿನ ಗೊತ್ತಾಯ್ತು. ಎಂಜಿನ್ ಆಗ್ಲೇ ಕಾರಲ್ಲಿತ್ತು. ಒಂದೇ ರೇಸ್ ತಾನೆ, ತಡ್ಕೊಳತ್ತೆ ಅಂದ್ಕೊಂಡೆ. ಅವನಿಗೆ ಹೇಳೋಕೆ ಬಾಯಿ ಬರ್ಲಿಲ್ಲ."

"ಗಡ್ಡನ ಹೆಸರು ಹೇಳೋಕೆ ಬಂತು."

ಇನ್ಸ್‌ಪೆಕ್ಟರಮ್ಮ ಠಾಣೆಗೆ ಫೋನ್ ಮಾಡಿದರು. "ಗಡ್ಡನನ್ನ ಬಿಟ್ಬಿಡಿ. ಕ್ಷಮೆ ನಾನೇ ಬಂದು ಕೇಳ್ತೀನಿ."

"ತಮ್ಮನಿಗೆ ಮಾತ್ರ ಹೇಳ್ಬೇಡಿ ಮೇಡಂ," ಅಂಗಲಾಚಿದ ಅಣ್ಣ.

"ನಾನು ಹೇಳಲ್ಲ. ನಡೀರಿ."

* * *

ಬ್ಯಾಂಡೇಜಿನ ಕಾಲುಗಳು ದಿಂಬಿನ ಮೇಲಿದ್ದವು. ಅಣ್ಣನನ್ನು ಕಂಡದ್ದೇ ತಮ್ಮನ ಮುಖ ಅರಳಿತು.

"ಸಿಕ್ಕಿಬಿದ್ನಾ ಅಣ್ಣಾ, ಆ ಪಾಪಿ?"

ಇನ್ಸ್‌ಪೆಕ್ಟರಮ್ಮ ಬಾಗಿಲಲ್ಲೇ ನಿಂತರು. ಅಣ್ಣ ಮಂಚದ ಕಂಬಿ ಹಿಡಿದುಕೊಂಡ.

"ಸಿಕ್ದ ಕಣೋ. ನಿನ್ನ ಮುಂದೇನೇ ನಿಂತಿದಾನೆ."