ಹೊಳೆ ದಾಟದ ಅಮಿತ

"ಅದು ನನ್ನ ತಮ್ಮಂದು. ಇಲ್ಲೆ ಕೊಡ್ರಿ."

ಗುರುತಿಲ್ಲದ ಗಂಡಸಿನ ಎದುರು ನಿಂತು ಮನೀಷಾ ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಬಹುಶಃ ಇದೇ ಮೊದಲು.

ಕುರಿಹಟ್ಟಿಯ ಬಲೆಯ ಪಕ್ಕ ಕುಳಿತಿದ್ದ ಯುವಕ ತಲೆ ಎತ್ತಿದ. ಅವನ ಕೈಯಲ್ಲಿ ಒಂದು ಪುಟ್ಟ ಆಟದ ಯಂತ್ರ. ಅದರ ಬೆನ್ನಿಗೆ ಹಳದಿ ಟೇಪು. ಕೊಲ್ಹಾಪುರದಲ್ಲಿ ಅರ್ಧ ಬೆಲೆಗೆ ಕೊಂಡು ತಂದ ದಿನವೇ ಅಮಿತ ಅದನ್ನು ಕೆಳಗೆ ಬೀಳಿಸಿದ್ದ. ಆ ಟೇಪು ಸುತ್ತಿದ್ದವಳು ಮನೀಷಾಳೇ.

"ನೀವು ಅಮಿತನ ಅಕ್ಕ," ಎಂದ ಅವನು. ಅದು ಪ್ರಶ್ನೆಯಾಗಿರಲಿಲ್ಲ.

"ಕೊಡ್ರಿ."

"ಕೊಡಾಂಗಿಲ್ರಿ."

ಹಾಗಾದರೆ ಇವನೇ ತಮ್ಮನ ಗೆಳೆಯ ಮಾಳೇಶ! ಹತ್ತು ತಿಂಗಳ ಹಿಂದೆ, ಒಂದು ಸಂಜೆ, ಇವನ ಬಳಿ ಬಿಟ್ಟಿದ್ದ ಈ ಆಟ ಆಡಲು ಇವನ ಹಟ್ಟಿಗೆಂದೇ ಅಮಿತ ಜುಗೂಳದಿಂದ ಚಿಕ್ಕೋಡಿ ಕಡೆಗೆ ಬೈಕು ಹತ್ತಿ ಹೋಗಿದ್ದ. ರಸ್ತೆಯ ಅಂಚಿನಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರಾಲಿ ಅವನಿಗೆ ಕಾಣಲಿಲ್ಲ. ಅಷ್ಟೇ. ಇಪ್ಪತ್ತೊಂದು ವರ್ಷದ ಹುಡುಗ ಮುಗಿದುಹೋದ.

ಆ ಆಟವೇ ನನ್ನ ಮಗನನ್ನು ತಿಂದಿತು ಎಂದು ಅವ್ವ ಗಿರಿಜವ್ವ ಈಗಲೂ ಒಲೆಯ ಮುಂದೆ ಕುಳಿತು ಶಪಿಸುತ್ತಾಳೆ. ಅಪ್ಪ ಬಾಬಾಸಾಹೇಬನಿಗೆ ಮಾಳೇಶನ ಮುಖದ ಗುರುತಿಲ್ಲ. ಗುರುತಿದ್ದರೆ ಕಟಾವಾದ ತಮ್ಮ ಹೊಲದಲ್ಲಿ, ಗೊಬ್ಬರಕ್ಕೆಂದು, ಇವನ ಅಪ್ಪ ಸಿದರಾಯನ ಕುರಿಗಳನ್ನು ತರುಬಿ ನಿಲ್ಲಿಸಿಕೊಳ್ಳುತ್ತಿದ್ದನೇ?

ಹಟ್ಟಿಯವರಿಗೆ ದಿನದ ಜೋಳ ಕೊಟ್ಟುಬರಲು ಬಂದಿದ್ದ ಮನೀಷಾ ಬುಟ್ಟಿಯನ್ನು ನೆಲಕ್ಕೆ ಕುಕ್ಕಿ ಹೊರಟಳು.

"ಒಂದ ಸಲ ನೋಡಿ ಹೋಗ್ರಿ," ಹಿಂದಿನಿಂದ ಅವನ ದನಿ ಬಂತು. "ಅಂವಾ ಇದರಾಗ ಇನ್ನೂ ಅದಾನ."

ಅವಳ ಕಾಲು ನಿಂತುಬಿಟ್ಟಿತು...

ಅದು ಜಪಾನಿನವರ ಆಟ. ಚದುರಂಗದ ಹಾಗೆ ಚೌಕಗಳು, ಚೌಕಗಳ ಮೇಲೆ ಸೈನಿಕರು. ಸೈನಿಕನೊಬ್ಬ ಸೇರುವಾಗ ಆಡುವವರೇ ಅವನಿಗೆ ಹೆಸರಿಡಬೇಕು, ನಾಲ್ಕು ನೆನಪುಗಳನ್ನು ಬರೆದುಕೊಡಬೇಕು. ಅವನು ಸತ್ತರೆ ಆತ್ಮವಾಗಿ ಮರಳಿ ಬರುತ್ತಾನೆ, ಬದುಕಿದ್ದಾಗಿನದಕ್ಕಿಂತ ಹತ್ತು ಪಟ್ಟು ಬಲದಿಂದ. ಆದರೆ ಕೊಟ್ಟ ಅಥವಾ ತಿಂದ ಒಂದೊಂದು ಹೊಡೆತಕ್ಕೂ ಒಂದೊಂದು ನೆನಪು ಅಳಿಸಿಹೋಗುತ್ತದೆ. ನಾಲ್ಕೂ ಹೋದರೆ ಅವನಿಗೆ ತನ್ನವರ ಗುರುತೇ ಇರುವುದಿಲ್ಲ, ವೈರಿಗಳ ಪಾಳೆಯಕ್ಕೆ ಸೇರಿಬಿಡುತ್ತಾನೆ. ಅದಕ್ಕೂ ಮೊದಲೇ ಕೊನೆಯ ಹಂತದ ಹೊಳೆಯವರೆಗೆ ಕರೆದೊಯ್ದರೆ ಮಾತ್ರ ಆ ಆತ್ಮಕ್ಕೆ ಬಿಡುಗಡೆ. ಒಮ್ಮೆ ಇಟ್ಟ ಹೆಜ್ಜೆಯನ್ನು ಹಿಂದೆಗೆಯುವ ದಾರಿ ಆಟದಲ್ಲಿ ಇರಲಿಲ್ಲ.

ಗೆಳೆಯರಿಬ್ಬರೂ ಸೈನಿಕರಿಗೆ ತಮ್ಮ ತಮ್ಮ ಮನೆಯವರ ಹೆಸರಿಟ್ಟಿದ್ದರು. ಒಬ್ಬ ಸಿದರಾಯ, ಒಬ್ಬಳು ರಾಮವ್ವ, ಒಬ್ಬಳು ಮನೀಷಾ. ಅಮಿತ ಎಂಬ ಸೈನಿಕ ಆಟದಲ್ಲಿ ಎಂದೋ ಸತ್ತು ಆತ್ಮವಾಗಿದ್ದ. ಆಗ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರಂತೆ.

ಮಾಳೇಶ ಒಂದು ಗುಂಡಿ ಒತ್ತಿದ. ಬೆಳ್ಳಗಿನ ಆಕೃತಿಯೊಂದು ಪರದೆಯ ಮೇಲೆ ಮೂಡಿತು. ಪಕ್ಕದಲ್ಲಿ ನಾಲ್ಕು ಸಾಲು. ಮೂರು ಖಾಲಿ. ನಾಲ್ಕನೆಯದರಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಅಮಿತನದೇ ಕನ್ನಡ:

ಎಷ್ಟ ತಡಾ ಆದ್ರೂ ಅಕ್ಕ ಬಾಗಿಲಾ ತೆಗೀತಾಳ.

ಮನೀಷಾ ಕಬ್ಬಿನ ಕೂಳೆಗಳ ನಡುವೆಯೇ ಕುಸಿದು ಕುಳಿತಳು.

"ಹತ್ತ ತಿಂಗಳಾತು, ನಾ ಒಂದ ಹೆಜ್ಜಿನೂ ಆಡಿಲ್ರಿ," ಮಾಳೇಶ ಮೆಲ್ಲಗೆ ಹೇಳಿದ. "ಹೊಳಿಗೆ ಇನ್ನ ಮೂರ ಕಾಳಗ ಅದಾವ. ನಡುವ ಏನರ ಆದ್ರ... ಅದಕ್ಕ ಹೆದರಿ ಇಟಗೊಂಡ ಕುಂತೇನಿ."

ತಮ್ಮನನ್ನು ಹೊಳೆ ದಾಟಿಸೋಣ, ನನಗೂ ಕಲಿಸಿ ಎಂದಳು ಮನೀಷಾ. ಬೇರೆ ಏನನ್ನೂ ಅವಳು ಹೇಳಲಿಲ್ಲ.

ಮರುದಿನದಿಂದ ಜೋಳದ ಬುಟ್ಟಿಯೇ ಅವಳಿಗೆ ನೆಪವಾಯಿತು. ಸಿದರಾಯ ಬೆಳಿಗ್ಗೆಯೇ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಎಳೆಯ ಮರಿಗಳನ್ನು ಕಾಯಲು ಮಾಳೇಶ ಹಟ್ಟಿಯಲ್ಲೇ ಉಳಿಯುತ್ತಿದ್ದ. ಕುದುರೆಯ ಬೆನ್ನಿನ ಮೇಲೆ ಬಿಸಿಲಿಗೆ ಹರಡಿದ ಸೋಲಾರ್ ಹಲಗೆಯಿಂದ ಯಂತ್ರಕ್ಕೆ ಚಾರ್ಜು. ಮಾಳೇಶನ ತಾಯಿ ರಾಮವ್ವ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಅವರಿಬ್ಬರನ್ನೂ ಓರೆಗಣ್ಣಿನಿಂದ ನೋಡುತ್ತಿದ್ದಳು.

"ಎರಡ ಮರಿ ಒಂದ ಮೊಲಿಗಿ ಬಾಯಿ ಹಾಕಿದಂಗ ಕುಂತಾವ ನೋಡು," ಎಂದು ಒಂದು ದಿನ ಗೊಣಗಿದಳು. ಮನೀಷಾ ನಾಚಿ ಒಂದು ಗೇಣು ಸರಿದಳು. ಮಾಳೇಶ ಯಂತ್ರವನ್ನು ಅವಳ ಕಡೆಗೇ ಇನ್ನಷ್ಟು ವಾಲಿಸಿ ಹಿಡಿದ, ಅವಳಿಗೆ ಕಾಣಲಿ ಎಂದು.

ಒಂದು ಕಾಳಗ ಗೆಲ್ಲಲು ಎಂಟು ದಿನ. ಎರಡನೆಯದಕ್ಕೆ ಹನ್ನೊಂದು. ಒಂದೊಂದು ಹೆಜ್ಜೆಗೂ ಅವರು ಅಷ್ಟು ಯೋಚಿಸುತ್ತಿದ್ದರು. ಅಮಿತನನ್ನು ಮಾತ್ರ ಮಾಳೇಶ ಯಾವಾಗಲೂ ಹಿಂದಿನ ಮೂಲೆಯ ಚೌಕದಲ್ಲಿ ಒಬ್ಬನನ್ನೇ ನಿಲ್ಲಿಸುತ್ತಿದ್ದ. ಯಾಕೆ ಎಂದು ಅವಳು ಕೇಳಿದರೆ, ಅಲ್ಲೇ ಇರಲಿ ಎನ್ನುತ್ತಿದ್ದ. ಅಷ್ಟೇ.

ಆ ಮಧ್ಯಾಹ್ನಗಳಲ್ಲಿ ಅವನು ಅಮಿತನ ಕತೆ ಹೇಳುತ್ತಿದ್ದ. ಚಿಕ್ಕೋಡಿಯ ಕಾಲೇಜಿನಲ್ಲಿ ಕುರಿಯ ವಾಸನೆ ಎಂದು ಎಲ್ಲರೂ ದೂರ ಸರಿದು ಕುಳಿತಾಗ, ಅಮಿತನೊಬ್ಬನೇ ಬಂದು ಪಕ್ಕದಲ್ಲಿ ಕುಳಿತಿದ್ದನಂತೆ. ಮನೆಯಲ್ಲಿ ಯಾರೂ ಅಮಿತನ ಹೆಸರೆತ್ತುತ್ತಿರಲಿಲ್ಲ. ಇಲ್ಲಿ ಅವನು ಮಾತಾಡುತ್ತಿದ್ದ, ನಗುತ್ತಿದ್ದ, ಕಾಲೇಜಿಗೆ ಚಕ್ಕರ್ ಹೊಡೆಯುತ್ತಿದ್ದ...

ತಾನು ಬರುತ್ತಿರುವುದು ತಮ್ಮನಿಗಾಗಿಯೋ, ತಮ್ಮನ ಕತೆ ಹೇಳುವ ಈ ದನಿಗಾಗಿಯೋ? ಮನೀಷಾ ಆ ಪ್ರಶ್ನೆಯನ್ನು ತನ್ನೊಳಗೂ ಪೂರ್ತಿ ಕೇಳಿಕೊಳ್ಳಲಿಲ್ಲ.

ಇನ್ನೊಂದು ವಿಷಯವನ್ನು ಅವಳು ಅವನಿಗೂ ಹೇಳಲಿಲ್ಲ. ಸಾವಾದ ಮನೆಯಲ್ಲಿ ವರ್ಷದೊಳಗೆ ಒಂದು ಮಂಗಳಕಾರ್ಯ ಆಗಬೇಕು, ಇಲ್ಲವಾದರೆ ಮೂರು ವರ್ಷ ಕಾಯಬೇಕು ಎಂದು ಅಪ್ಪ ಅವಸರ ಮಾಡುತ್ತಿದ್ದ. ಅಥಣಿ ಕಡೆಯ ದ್ರಾಕ್ಷಿ ತೋಟದವರು ಭಾನುವಾರ ಅವಳನ್ನು ನೋಡಲು ಬರುವವರಿದ್ದರು. ಹೇಳಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದಳು. ಹಟ್ಟಿಗೆ ಬಂದರೆ ಬಾಯಿ ಬರುತ್ತಿರಲಿಲ್ಲ.

ಶನಿವಾರ ಅವಳು ಬಂದಾಗ ಮಾಳೇಶ ಇರಲಿಲ್ಲ.

"ತಗೋವಾ," ರಾಮವ್ವ ಯಂತ್ರವನ್ನು ಅವಳ ಕೈಗಿಟ್ಟಳು. ಅವಳ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. "ಇದು ನಿಂದಂತ. ನಿಂಗ ಕೊಟ್ಟಬಿಡು ಅಂದ. ನಾಳೆ ಮುಂಜಾನೆ ನಾವು ಸತ್ತಿ ಊರ ಕಡೆ ಹೊಂಡಾವ್ರು."

ಕೊಡುವುದಿಲ್ಲ ಎಂದಿದ್ದವನು ಈಗ ಹೇಳದೆ ಕೇಳದೆ ಕೊಟ್ಟುಬಿಟ್ಟ! ಇನ್ನು ಒಂದೇ ಕಾಳಗ ಉಳಿದಿದೆ, ಅದನ್ನೂ ಜೊತೆಗೆ ಆಡುವಷ್ಟು ಬೇಡವಾದೆನೇ ನಾನು? ಇಷ್ಟು ದಿನ ಸುಮ್ಮನೆ ಕನಿಕರಕ್ಕೆ ಕೂತಿದ್ದನೇ?

ಕಣ್ಣೀರನ್ನು ಸೆರಗಿನಿಂದ ಒತ್ತಿಕೊಂಡು ಅವಳು ಬದುವಿನ ಬೇವಿನ ಮರದ ಕೆಳಗೆ ಕುಳಿತಳು. ಒಬ್ಬಳೇ ಆಟ ತೆರೆದಳು.

ಮೂಲೆಯಲ್ಲಿ ಅಮಿತ. ಒಬ್ಬನೇ.

ಹೆಣವನ್ನು ಒಂಟಿಯಾಗಿ ಬಿಡಬಾರದು. ಮಣ್ಣಿಗೊಯ್ಯುವವರೆಗೆ ಯಾರಾದರೊಬ್ಬರು ಪಕ್ಕದಲ್ಲಿ ಕೂತಿರಲೇಬೇಕು. ಅವರ ಮನೆಯಲ್ಲಿ ಅಜ್ಜನಿಗೆ ಹಾಗೆ ಕೂತಿದ್ದರು, ಅಜ್ಜಿಗೂ ಕೂತಿದ್ದರು. ಅಮಿತ ಮಾತ್ರ ಚಿಕ್ಕೋಡಿಯ ಶವಾಗಾರದಲ್ಲಿ ಇಡೀ ರಾತ್ರಿ ಒಬ್ಬನೇ ಇದ್ದ. ಪೋಸ್ಟ್‌ಮಾರ್ಟಂ ಬೆಳಿಗ್ಗೆಯೇ ಎಂದು ಹೇಳಿದ್ದರಿಂದ ಅಪ್ಪ ಊರಿಗೆ ಮರಳಿ ಬಂದಿದ್ದ. ಆ ಒಂದು ರಾತ್ರಿ ಮನೀಷಾಳ ಎದೆಯಲ್ಲಿ ಹನ್ನೊಂದು ತಿಂಗಳಾದರೂ ಬೆಳಗಾಗದೆ ನಿಂತಿತ್ತು.

'ಇಲ್ಲಿಯೂ ಒಬ್ಬನೇ ಯಾಕೆ ನಿಲ್ಲಬೇಕು ನೀನು?'

ಅವಳು ಅಮಿತನನ್ನು ಮೂಲೆಯಿಂದ ಎತ್ತಿ, ಮನೀಷಾ ಎಂಬ ಸೈನಿಕಳ ಪಕ್ಕದ ಚೌಕದಲ್ಲಿ ನಿಲ್ಲಿಸಿದಳು. ಹೋರಾಡಲು ಅಲ್ಲ... ಸುಮ್ಮನೆ, ಜೊತೆಗೆ.

ವೈರಿಯ ಸರದಿ ಬಂತು. ಬಿಲ್ಲುಗಾರನೊಬ್ಬ ಮನೀಷಾಳ ಕಡೆಗೆ ಬಾಣ ಬಿಟ್ಟ. ಆಗ, ಯಾವ ಗುಂಡಿಯನ್ನೂ ಒತ್ತದೆಯೇ, ಪಕ್ಕದಲ್ಲಿದ್ದ ಬೆಳ್ಳಗಿನ ಆಕೃತಿ ತಾನಾಗಿ ಮುಂದೆ ಸರಿದು ಅವಳಿಗೆ ಅಡ್ಡ ನಿಂತಿತು. ಆ ಹೊಡೆತವನ್ನು ತನ್ನ ಮೈಮೇಲೆ ತೆಗೆದುಕೊಂಡಿತು.

ನಾಲ್ಕನೆಯ ಸಾಲು ಅಕ್ಷರ ಅಕ್ಷರವಾಗಿ ಅಳಿಯತೊಡಗಿತು. ಮನೀಷಾ ಪರದೆಯ ಮೇಲೆ ಬೆರಳು ಒತ್ತಿ ಹಿಡಿದಳು, ನಿಲ್ಲುತ್ತದೆಯೋ ಎಂಬಂತೆ. ನಿಲ್ಲಲಿಲ್ಲ. ಬೆಳ್ಳಗಿದ್ದ ಆಕೃತಿ ಕಪ್ಪಾಯಿತು. ಹೆಸರಿದ್ದಲ್ಲಿ ಏನೂ ಉಳಿಯಲಿಲ್ಲ. ಅದು ಅವಳಿಗೆ ಬೆನ್ನು ತಿರುಗಿಸಿ ವೈರಿಗಳ ಸಾಲಿಗೆ ಹೋಗಿ ನಿಂತಿತು.

ಮನೀಷಾ ಎದ್ದು ಹೊಳೆಯ ಕಡೆ ಓಡಿದಳು.

ಕೃಷ್ಣೆಯ ದಂಡೆಯಲ್ಲಿ ಮಾಳೇಶ ಕುರಿಗಳಿಗೆ ನೀರು ಕುಡಿಸುತ್ತಿದ್ದ. ಇಳಿಬಿಸಿಲು. ಅವಳನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದ. ನಾಳೆ ಮನೆಯಲ್ಲಿ ಬೀಗರು, ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಿದ. ಹೆಣ್ಣು ನೋಡುವವರು ಬರುತ್ತಾರೆ, ಅಂಗಳದ ಹತ್ತಿರ ಕುರಿ ಹಾಯಿಸಬೇಡಿ ಎಂದು ಬಾಬಾಸಾಹೇಬನೇ ಅವನಿಗೆ ಹೇಳಿಹೋಗಿದ್ದ.

ಮನೀಷಾ ಯಂತ್ರವನ್ನು ಅವನ ಮುಂದೆ ಹಿಡಿದಳು.

"ನಾ ಅವನ್ನ ಕಳದೆ," ಎಂದಳು. "ಒಬ್ಬನ ಇದ್ದಾನಂತ ಬಾಜೂಕ ನಿಲ್ಲಿಸಿದ್ನಿ. ಬ್ಯಾರೆ ಏನೂ ಮಾಡ್ಲಿಲ್ಲ ನಾ."

ಮಾಳೇಶ ಪರದೆ ನೋಡಿದ. ನಿಧಾನಕ್ಕೆ ಮರಳಿನ ಮೇಲೆ ಕುಳಿತ.

"ತಪ್ಪ ನಂದು. ಆತ್ಮದ ಬಾಜೂಕ ತನ್ನವರಿದ್ರ ಅದು ತಾನ ಅಡ್ಡ ಹೋಗತೈತಿ. ಅದಕ್ಕ ಮೂಲ್ಯಾಗ ಇಡತಿದ್ನಿ. ನಿಮಗ ಹೇಳಿದ್ರ ನೀವು ಅಳ್ತೀರಂತ ಹೇಳ್ಲಿಲ್ಲ."

ಯಂತ್ರವನ್ನು ಅವಳಿಗೆ ಮರಳಿಸುತ್ತ ಮತ್ತೆ ಅವನೇ ಹೇಳಿದ. "ಇನ್ನೊಂದೂ ಹೇಳಿಲ್ಲ. ಆ ಸಂಜಿಕೆ ಅಂವಾ ತಾನಾಗಿ ಬರ್ಲಿಲ್ರಿ. ನಾನ ಫೋನ್ ಹಚ್ಚಿ ಕರದಿದ್ನಿ. ಮಣ್ಣಿಗೂ ಬರಾಕ ಧೈರ್ಯ ಆಗ್ಲಿಲ್ಲ."

"ಗೊತ್ತಿತ್ತು."

ಅವನು ತಟ್ಟನೆ ತಲೆ ಎತ್ತಿದ.

"ಅವನ ಫೋನಿನ್ಯಾಗ ನಿಮ್ಮ ಹೆಸರು ನೋಡಿದ್ನಿ. ಮೊದಲನೇ ದಿನಾನ ಗೊತ್ತಿತ್ತು."

"ಗೊತ್ತಿದ್ದೂ ದಿನಾ ಬಂದ್ರಿ?"

"ಜಗಳಾ ಮಾಡಬೇಕಂತಿದ್ನಿ... ಆಮ್ಯಾಲ ಅದು ಆಗ್ಲೇ ಇಲ್ಲ. ನಾಳೆ ಬರೂ ಮಂದಿ ಬಗ್ಗೇನೂ ಹೇಳಾಕ ಆಗ್ಲಿಲ್ಲ. ಹೇಳಿದ್ರ ನೀವು ಹೋಗಿಬಿಡ್ತೀರಂತ ಅಂಜಿಕಿ ಇತ್ತು. ಆ ರಾತ್ರಿ ಚಿಕ್ಕೋಡ್ಯಾಗ ಅಂವಾ ಒಬ್ಬನ ಇದ್ದ, ಮಾಳೇಶ. ಇಲ್ಲೂ ಒಬ್ಬನ ಇರೂದು ನನ್ನ ಕಡೆಯಿಂದ ನೋಡಾಕ ಆಗ್ಲಿಲ್ಲ."

ಮಾಳೇಶ ಹೊಳೆಯ ಕಡೆ ನೋಡುತ್ತ ಬಹಳ ತಗ್ಗಿದ ದನಿಯಲ್ಲಿ ಹೇಳಿದ:

"ಒಬ್ಬನ ಇರ್ಲಿಲ್ಲ ಅಂವಾ. ಒಳಗ ಬಿಡ್ಲಿಲ್ಲ ನನ್ನ. ಗೇಟಿನ ಹೊರಗ, ಗ್ವಾಡಿಗೆ ಬೆನ್ನ ಹಚ್ಚಿ ಕುಂತಿದ್ನಿ. ಮುಂಜಾನೆ ನಿಮ್ಮ ಅಪ್ಪ ಬರೂತನಕ. ಅವರ ಮಾರಿ ನೋಡಾಕ ಆಗದ ಎದ್ದ ಹೋದ್ನಿ."

ಮನೀಷಾ ಅತ್ತಳು. ಮಣ್ಣು ಕೊಟ್ಟ ದಿನವೂ ಹೀಗೆ ಅತ್ತಿರಲಿಲ್ಲ. ಮಾಳೇಶ ಸಮಾಧಾನ ಹೇಳಲಿಲ್ಲ, ಮುಟ್ಟಲೂ ಇಲ್ಲ. ಕುರಿಗಳು ನೀರು ಕುಡಿದು ಮುಗಿಸಿ ದಂಡೆ ಹತ್ತುತ್ತಿದ್ದರೂ ಅವನು ಎದ್ದು ಹೋಗಲಿಲ್ಲ.

ಆಟ ಇನ್ನೂ ತೆರೆದೇ ಇತ್ತು. ಹೆಸರು ಕಳೆದುಕೊಂಡ ಆತ್ಮಕ್ಕೆ ಹೊಳೆ ದಾಟುವ ಹಕ್ಕಿಲ್ಲ. ಯಾರಾದರೂ ಹೊಡೆದು ಕೆಡವುವವರೆಗೆ ಅದು ಆ ಬಯಲಲ್ಲೇ ಅಲೆಯುತ್ತಿರಬೇಕು. ಮಾಳೇಶ ಅದನ್ನು ವಿವರಿಸಿ, ಬೇಡವಾದರೆ ಹೀಗೆಯೇ ಮುಚ್ಚಿಬಿಡೋಣ ಎಂದ.

ಅವಳು ತಲೆಯಾಡಿಸಿದಳು. ಅಲೆಯುವುದು ಬೇಡ.

ಮನೀಷಾ ಎಂಬ ಸೈನಿಕಳನ್ನು ಅವಳು ಒಂದೊಂದೇ ಚೌಕ ಮುಂದೆ ನಡೆಸಿದಳು. ಕಪ್ಪು ಆಕೃತಿ ಎದುರಿಗೆ ಬಂತು. ಗುಂಡಿಯ ಮೇಲಿನ ಅವಳ ಬೆರಳು ಒತ್ತಲಾರದೆ ನಿಂತಿತು. ಒತ್ತಿಕೊಡಲೇ ಎಂದು ಮಾಳೇಶ ಕೇಳಲಿಲ್ಲ. ಕಾದ.

ಅವಳೇ ಒತ್ತಿದಳು.

ಆಕೃತಿ ಕರಗಿತು. ಹಾಡಿಲ್ಲ, ಬೆಳಕಿಲ್ಲ, ಪರದೆಯ ಮೇಲೆ ಒಂದು ಮಾತೂ ಇಲ್ಲ. ಖಾಲಿ ಚೌಕ ಅಷ್ಟೇ ಉಳಿಯಿತು.

ಭಾನುವಾರ ಬೆಳಿಗ್ಗೆ ಮನೀಷಾ ಅಡುಗೆಮನೆಯಲ್ಲಿ ಅವ್ವನ ಮುಂದೆ ಕುಳಿತು ಎಲ್ಲವನ್ನೂ ಹೇಳಿದಳು. ಇವತ್ತು ಬರುವವರ ಮುಂದೆ ಕೂರುವುದಿಲ್ಲ ಎಂದೂ, ಯಾಕೆ ಎಂದೂ ಹೇಳಿದಳು. ಗಿರಿಜವ್ವ ಹಿಟ್ಟಿನ ಕೈಯನ್ನು ಹಾಗೆಯೇ ಬಿಟ್ಟು ಕೇಳಿದ್ದು ಒಂದೇ.

"ಅಂವಾ ಬೆಳತನಾ ಗೇಟಿನ ಹೊರಗ ಕುಂತಿದ್ನಂತನ?"

ಆಮೇಲೆ ಎದ್ದು ಗಂಡನಿದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪನ ಕೂಗಾಟ ಅಂಗಳದವರೆಗೆ ಕೇಳಿಸಿತು. ಕೊನೆಗೆ ಬರಬೇಡಿ ಎಂದು ಅಥಣಿಗೆ ಫೋನ್ ಹೋಯಿತು. ಹೊರಗೆ ಬಂದ ಬಾಬಾಸಾಹೇಬ ಮಗಳಿದ್ದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಊರ ಹೊರಗಿನ ರಸ್ತೆಯಲ್ಲಿ ಕುರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಸಿದರಾಯ, ರಾಮವ್ವ ಕುದುರೆ ಹಿಡಿದು ಮುಂದೆ. ಹಿಂದುಗಡೆ ಮಾಳೇಶ, ಹೆಗಲ ಮೇಲೊಂದು ಕುಂಟುಮರಿ. ಮನೀಷಾ ಓಡಿಬಂದು ಅವನ ಹೆಜ್ಜೆಗೆ ಹೆಜ್ಜೆ ಸೇರಿಸಿದಳು.

"ಅಪ್ಪಾ ನನ್ನ ಜೋಡಿ ಮಾತ ಬಿಟ್ಟಾನ," ಎಂದಳು.

ಅವನು ನಿಂತುಬಿಟ್ಟ. ಅವನ ಮುಖದಲ್ಲಿ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು.

"ವರ್ಷದಾಗ ಎಂಟ ತಿಂಗಳ ನಮಗ ಮನಿ ಅನ್ನೂದಿಲ್ರಿ. ವಿಚಾರ ಮಾಡ್ರಿ."

"ಮಾಡೇನಿ."

"ನಿಮ್ಮ ಮನಿಯವರು ಒಪ್ಪಾಂಗಿಲ್ಲ."

"ಲಗೂ ಒಪ್ಪಾಂಗಿಲ್ಲ. ಬರೂ ವಾರ ನಾ ಸತ್ತಿಗಿ ಬರ್ತೇನಿ. ಅವ್ವನ್ನ ಕರಕೊಂಡ."

"ಅವ್ವಾರನ್ನ?"

"ಆ ರಾತ್ರಿದು ಎಲ್ಲಾ ಕೇಳಬೇಕಂತ ಆಕಿಗೆ. ಎಲ್ಲೆ ಕುಂತಿದ್ದಿ, ಚಳಿ ಇತ್ತೋ ಏನೋ... ಎಲ್ಲಾ."

ಮಾಳೇಶ ಮರಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡ. ಅವನ ಕಣ್ಣುಗಳು ತುಂಬಿದ್ದವು.

"ಹೇಳ್ತೇನಿ."

"ಆಕಿ ಅತ್ತರ ಸುಮ್ಮನಾಗಸಾಕ ಹೋಗಬ್ಯಾಡ."

"ಇಲ್ಲ."

"ನನ್ನೂ."

"ಇಲ್ಲ, ಮನೀಷಾ," ಎಂದ ಅವನು.