ಎರಡು ಬಲಗಾಲು

ಏಳನೇ ಪೆಟ್ಟಿಗೆಯಲ್ಲಿ ಎರಡು ಬಲಗಾಲು ಸಿಕ್ಕವು.

ಸೋಮವಾರ ಬೆಳಿಗ್ಗೆ ಒಂಬತ್ತು. ಹೈದರಾಬಾದಿನ ನಮ್ಮ ಮೆಡಿಕಲ್ ಕಾಲೇಜು. ಹತ್ತಕ್ಕೆ ಮೊದಲ ವರ್ಷದವರಿಗೆ ಅನಾಟಮಿ ವೈವಾ, ಅಂದರೆ ಮೌಖಿಕ ಪರೀಕ್ಷೆ. ಎಲುಬು ಜೋಡಿಸುತ್ತಿದ್ದ ಅಟೆಂಡರ್ ಚಂದ್ರಾಮಣ್ಣ ಗಕ್ಕನೆ ನಿಂತ. ತೊಡೆಯ ಎಲುಬು ಎರಡಿದ್ದವು, ಎರಡೂ ಬಲಗಡೆಯವು. ಎಡದ್ದು ಮಾಯ. ಆ ಪೆಟ್ಟಿಗೆ ಒಯ್ದವರ ರಿಜಿಸ್ಟರಿನಲ್ಲಿ ಕೊನೆಯ ಹೆಸರು ವಿಜಯಶ್ರೀ. ಅಂದರೆ ನಾನು.

ವಿಭಾಗದ ಮುಖ್ಯಸ್ಥರಾದ ಶಾಂತಕುಮಾರ ಸರ್ ನಮ್ಮ ಬೀದರ ಕಡೆಯವರು. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಕನ್ನಡದಲ್ಲಿ. ಎಲುಬು ಮುರಿದು ಬೇರೆ ತಂದಿಟ್ಟಿದ್ದೀಯ, ಕ್ಷಮಾಪತ್ರ ಬರೆದುಕೊಡು, ಇಲ್ಲದಿದ್ದರೆ ವೈವಾಕ್ಕೆ ಕೂರಿಸುವುದಿಲ್ಲ ಎಂದರು.

"ಬರಿಯಂಗಿಲ್ರಿ ಸರ್. ನಾ ಮುರಿದಿದ್ರ ಎಡದ್ದ ತಂದಿಡ್ತಿದ್ದೆ. ಎಡ ಯಾವ್ದು, ಬಲ ಯಾವ್ದು ನನಗ ಗೊತ್ತೈತ್ರಿ."

ಸರ್ ಗಡಿಯಾರ ನೋಡಿದರು. ಹತ್ತರೊಳಗೆ ಮಾಡಿದವರನ್ನು ತೋರಿಸು, ಇಲ್ಲ ಮನೆಗೆ ನಡಿ ಎಂದರು.

\* \* \*

ಕೀಲಿ ಚಂದ್ರಾಮಣ್ಣನ ಕೈಯಲ್ಲಿರುತ್ತದೆ, ಅವನೇ ಕದ್ದಿರಬೇಕು ಎಂದು ಗೆಳತಿಯರು ಪಿಸುಗುಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಬಡವನ ಮೇಲೆ ಗೂಬೆ ಕೂರಿಸುವುದು ಎಷ್ಟು ಸುಲಭ! ಆದರೂ ಅನುಮಾನ ಉಳಿಯಬಾರದು. ಚಂದ್ರಾಮಣ್ಣನಿಗೆ ಕಣ್ಣು ಮುಚ್ಚಲು ಹೇಳಿ ಒಂದು ತೊಡೆ ಎಲುಬು ಕೊಟ್ಟೆ. ಬೆರಳಾಡಿಸಿದ.

"ಬಲಗಾಲಿಂದವ್ವ."

ಬೇರೆ ಪೆಟ್ಟಿಗೆಯಿಂದ ಇನ್ನೊಂದು ಕೊಟ್ಟೆ. ಎಡಗಾಲಿಂದು ಎಂದ. ಸರಿಯಾಗಿತ್ತು. ಇಪ್ಪತ್ತೆರಡು ವರ್ಷ ಎಲುಬು ಜೋಡಿಸಿದ ಕೈ. ಇಂಥವನು ಎಡದ ಜಾಗಕ್ಕೆ ಬಲದ್ದು ಇಡುವುದುಂಟೇ?

ಶನಿವಾರ ನಾನು ಪೆಟ್ಟಿಗೆ ಮರಳಿಸಿದ ಮೇಲೆ ಹಾಲಿಗೆ ಯಾರು ಬಂದಿದ್ದರು ಎಂದು ಕೇಳಿದೆ. ಚಂದ್ರಾಮಣ್ಣ ಹೆದರುತ್ತಲೇ ಹೇಳಿದ: ಕ್ಲಾಸಿನ ಮುಂದಾಳು ವೈಭವ ಕೀಲಿ ಒಯ್ದಿದ್ದ. ಮುಂದಾಳು ರಿಜಿಸ್ಟರಿನಲ್ಲಿ ಬರೆಯುವ ರೂಢಿ ಇಲ್ಲ.

ವೈಭವನೂ ಕನ್ನಡದವನೇ, ಸಿರಿವಂತರ ಗಚ್ಚಿಬೌಲಿಯಿಂದ ಕಾರಿನಲ್ಲಿ ಬರುತ್ತಾನೆ. ಹಾಜರಿ ಪುಸ್ತಕದಲ್ಲಿ ಪೂರ್ತಿ, ಕ್ಲಾಸಿನಲ್ಲಿ ಶೂನ್ಯ. ನಾನು ಕೇಳಿದ್ದಕ್ಕೆ ನಕ್ಕ.

"ನನ್ನ ಕಡೆ ನಂದ ಎಲುಬಿನ ಸೆಟ್ ಐತಿ. ಕಾಲೇಜಿಂದು ನನಗ್ಯಾಕ?"

ಹೆಚ್ಚಿನ ಬಲದ್ದು ಎಲ್ಲಿಂದ ಬಂತೆಂದು ಊಹಿಸಲು ಅಷ್ಟು ಸಾಕಾಗಿತ್ತು.

\* \* \*

ಹತ್ತಕ್ಕೆ ಐದು ನಿಮಿಷ. ವೈಭವನ ಲಾಕರ್ ತೆಗೆಸಿರಿ ಎಂದು ಸರ್‌ಗೆ ಹೇಳಿದೆ. ಕೀಲಿ ಮನೆಯಲ್ಲಿದೆ ಎಂದು ಅವನು ತಡವರಿಸಿದ. ಸರ್ ಹೇಳಿದ್ದೇ ತಡ, ಚಂದ್ರಾಮಣ್ಣ ಇನ್ನೊಂದು ಕೀಲಿಯಿಂದ ತೆಗೆದ.

ಸೀನಿಯರುಗಳಿಂದ ಕೊಳ್ಳುವವರಿಗೆ ಸಿಗುವುದು ಅರ್ಧ ಸೆಟ್. ಕೈಕಾಲಿನ ಎಲುಬು ಒಂದೇ ಮಗ್ಗುಲಿನವು ಇರುತ್ತವೆ. ವೈಭವನದು ಬಲಮಗ್ಗುಲು. ಸೊಂಟದ ಎಲುಬಿತ್ತು, ಮೊಣಕಾಲಿನ ಕೆಳಗಿನದೆಲ್ಲ ಇತ್ತು. ತೊಡೆಯದು ಮಾತ್ರ ಇರಲಿಲ್ಲ. ಎಂದೋ ಕಳೆದುಹೋಯಿತು ಎಂದ.

ನಾನು ಅವನ ಸೊಂಟದ ಎಲುಬು ಎತ್ತಿಕೊಂಡೆ. ಅದರ ಗುಳಿಯಲ್ಲಿ ಏಳನೇ ಪೆಟ್ಟಿಗೆಯ ಒಂದು ತೊಡೆ ಎಲುಬಿನ ಗುಂಡು ಇಟ್ಟೆ. ದಪ್ಪವಾಯಿತು, ಇಳಿಯಲಿಲ್ಲ. ಇನ್ನೊಂದನ್ನು ಇಟ್ಟೆ. ಸರಕ್ಕನೆ ಕೂತಿತು, ಸಲೀಸಾಗಿ ತಿರುಗಿತು.

"ಇವೆರಡೂ ಒಬ್ಬರವ ಸರ್. ಕೂಡೇ ಬೆಳದಾವ. ಇವ ಎಡದ್ದು ಮುರಿದಾನ, ತನ್ನ ಸೆಟ್‌ನಾಗಿಂದು ತಂದಿಟ್ಟಾನ. ಕ್ಲಾಸಿಗೆ ಬಂದಿದ್ರ ಎಡ-ಬಲ ತಿಳೀತಿತ್ತು."

ವೈಭವ ಒಪ್ಪಿಕೊಂಡ. ಎಲುಬನ್ನು ಬ್ಯಾಟಿನಂತೆ ಹಿಡಿದು ರೀಲ್ಸ್ ಮಾಡುತ್ತಿದ್ದನಂತೆ, ಟೇಬಲ್ಲಿಗೆ ಬಡಿದು ಮುರಿಯಿತಂತೆ. ನನಗೆ ತಡೆಯಲಾಗಲಿಲ್ಲ.

"ಅದು ಯಾರದೋ ಕಾಲು. ನಾವು ಕಲೀಲಿ ಅಂತ ಕೊಟ್ಟು ಹೋಗ್ಯಾರ. ನಾಚಿಕಿ ಬರಂಗಿಲ್ಲೇನು?"

ಸರ್ ಕೆಮ್ಮಿದರು. ದೊಡ್ಡವರ ಹುಡುಗ, ಒಳಗೇ ಬಗೆಹರಿಸೋಣ, ನೀನು ವೈವಾಕ್ಕೆ ಕೂತುಕೋ ಎಂದರು.

"ನನ್ನ ಹೆಸರು ಎಲ್ಲಾರ ಮುಂದ ಕೆಡಿಸೀರಿ ಸರ್. ಎಲ್ಲಾರ ಮುಂದ ಸರಿ ಮಾಡ್ರಿ. ಅಲ್ಲೀತನ ನಾ ಕೂಡಂಗಿಲ್ಲ."

ಸರ್ ಎದ್ದು ನಿಂತರು. ತಪ್ಪು ವೈಭವನದು, ವಿಚಾರಿಸದೆ ಬೈದದ್ದು ತನ್ನದು ಎಂದು ನೂರೈವತ್ತು ಜನರ ಮುಂದೆ ಹೇಳಿದರು. ವೈವಾ ನಿನ್ನಿಂದಲೇ ಶುರು ಎಂದರು.

ಕುರ್ಚಿ ಎಳೆದುಕೊಂಡು ಕೂತೆ.

"ಕೇಳ್ರಿ ಸರ್."

ಒಂದಕ್ಕಿಂತ ಒಂದು ಕಷ್ಟದ ಏಳು ಪ್ರಶ್ನೆ ಕೇಳಿದರು. ಎಲ್ಲಕ್ಕೂ ಹೇಳಿದೆ. ಎಂಟನೆಯದಕ್ಕೆ ಅವರೇ ದಣಿದು ನೀರು ತರಿಸಿಕೊಂಡರು.