ಥಾರ್ನ್‌ಮಿಯರ್‌ನ ಐದನೆಯ ಅರ್ಲ್

ಕಾದ ಸಲಾಕೆ ನನ್ನ ಕಿವಿಯ ಪಕ್ಕದಲ್ಲೇ ಇತ್ತು. ಕೂದಲು ಸುಟ್ಟ ವಾಸನೆ ಬರುತ್ತಿತ್ತು.

ನನ್ನದೇ ಕೂದಲು.

"ಅಲ್ಲಾಡಿದ್ಯೋ, ಕಣ್ಣು ಹೋಯ್ತು ಅಂತ ತಿಳ್ಕೊ" ಎಂದಳು ಮುದುಕಿ.

ನಾನು ಅಲ್ಲಾಡಲಿಲ್ಲ. ಲಂಡನ್ನಿನ ಗಲ್ಲಿಗಳಲ್ಲಿ ಚಾಕು ಕಂಡಿದ್ದೇನೆ, ಪಿಸ್ತೂಲು ಕಂಡಿದ್ದೇನೆ. ಸೂಲಗಿತ್ತಿಯ ಕೈಗೆ ಸಿಕ್ಕಿಬಿದ್ದದ್ದು ಅದೇ ಮೊದಲು.

"ಯಾರೋ ಕಳಿಸಿದ್ದು ನಿನ್ನ?"

"ಹೊಟ್ಟೆಪಾಡು, ಅಜ್ಜಿ."

"ನಾನು ನಿನ್ನಜ್ಜಿ ಆಗಿದ್ರೆ ಹುಟ್ಟಿದ ದಿನಾನೇ ಕತ್ತು ಹಿಸುಕ್ತಿದ್ದೆ. ಹೆಸರು ಹೇಳು."

"ಲೂಷಿಯಸ್ ಧಣಿಗಳು."

ಸಲಾಕೆ ಇನ್ನಷ್ಟು ಹತ್ತಿರ ಬಂತು. ಅಷ್ಟರಲ್ಲಿ ಮಾಳಿಗೆಯ ಮೇಲೆ ಹೆಂಗಸೊಬ್ಬಳು ನರಳಿದಳು... ಹಲ್ಲು ಕಚ್ಚಿ ನುಂಗಿಕೊಂಡ ನರಳಿಕೆ.

ಓಡಿಹೋದವರನ್ನು ಹುಡುಕಿ ಕೊಡುವುದು ಈ ಸೈಲಸ್ ಕಾಬ್‌ನ ಕಸುಬು. ಈ ಸಲ ಓಡಿಹೋದಾಕೆ ಲೇಡಿ ಹೊನೋರಾ, ಥಾರ್ನ್‌ಮಿಯರ್‌ನ ನಾಲ್ಕನೆಯ ಅರ್ಲ್‌ನ ಹೆಂಡತಿ. ಅರ್ಲ್ ಕುದುರೆಯಿಂದ ಬಿದ್ದು ಸತ್ತಾಗ ಆಕೆ ಬಸುರಿ. ಅಲ್ಲಿಗೆ ಪದವಿ ಅಂತರದಲ್ಲಿ ನಿಂತಿತು. ಗಂಡು ಹುಟ್ಟಿದರೆ ತೊಟ್ಟಿಲಲ್ಲೇ ಐದನೆಯ ಅರ್ಲ್. ಹೆಣ್ಣಾದರೆ, ಇಲ್ಲವೇ ಸತ್ತು ಹುಟ್ಟಿದರೆ, ಸತ್ತವನ ತಮ್ಮ ಲೂಷಿಯಸ್‌ನೇ ಐದನೆಯವನು. ಅಲ್ಲಿಯವರೆಗೆ ಆ ಪಟ್ಟ ಯಾರದೂ ಅಲ್ಲ. ಎಲ್ಲರೂ ಕಾಯಬೇಕು.

ಲೂಷಿಯಸ್ ಕಾಯಲಿಲ್ಲ. ಸಾರೋಟಿನ ಬಾಗಿಲ ಮೇಲೆ ಆಗಲೇ ಅರ್ಲ್‌ನ ಕಿರೀಟ ಬರೆಸಿಬಿಟ್ಟಿದ್ದ. ಬಣ್ಣ ಒಣಗುವ ಮೊದಲೇ ನನ್ನನ್ನು ಕರೆಸಿದ್ದ.

"ಅತ್ತಿಗೆಗೆ ತಲೆ ಕೆಟ್ಟಿದೆ. ಎಲ್ಲಿದಾಳೆ ಅಂತ ಹುಡುಕು, ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಆ ಮಿಕ್ಕಿದ್ದು ಏನೆಂದು ಈಗ ತಿಳಿಯಿತು. ಹೊರಗೆ ಗೊರಸಿನ ಸದ್ದು.

ಕಿಟಕಿಯಲ್ಲಿ ಇಣುಕಿದೆ. ಲಿಂಕನ್ ಸೀಮೆಯ ಜೌಗು, ಅದರ ನಡುವೆ ಏರಿ, ಏರಿಯ ಮೇಲೆ ಇಬ್ಬರು ಸವಾರರು. ಒಬ್ಬ ಗಿಡಿಯನ್, ಥಾರ್ನ್‌ಮಿಯರ್ ಮನೆಯ ಕುದುರೆಲಾಯದಲ್ಲೇ ತಲೆ ನರೆಸಿಕೊಂಡ ಮುದುಕ. ಇನ್ನೊಬ್ಬ ಬಾಡಿಗೆಯ ದಾಂಡಿಗ.

"ನಿನ್ನ ಬಾಲ ಹಿಡ್ಕೊಂಡೇ ಬಂದಿದಾರಲ್ಲೋ, ಪಾಪಿ" ಎಂದಳು ಮುದುಕಿ.

ಮೇಲಿನಿಂದ ದನಿ ಬಂತು. ಉಸಿರು ಕಟ್ಟಿದ ದನಿ.

"ಡಾರ್ಕಸ್... ಯಾರೋ ಬಂದಿದಾರಲ್ಲ. ದೂರದಿಂದ ಬಂದಿರ್ತಾರೆ... ಕುಡಿಯೋಕೆ ಏನಾದ್ರೂ ಕೊಡಮ್ಮ."

ನೋಡಿ, ನನ್ನನ್ನು ಬೈದವರಿದ್ದಾರೆ, ಹೊಡೆದವರಿದ್ದಾರೆ. ನಾನು ಬೇಟೆಯಾಡಿದವರ್ಯಾರೂ ನನ್ನ ಬಾಯಾರಿಕೆ ವಿಚಾರಿಸಿದ್ದಿಲ್ಲ.

"ಸಲಾಕೆ ಇಲ್ಲಿ ಕೊಡು, ಅಜ್ಜಿ. ನೀನು ಮೇಲೆ ಹೋಗು."

ಡಾರ್ಕಸ್ ನನ್ನ ಮುಖ ನೋಡಿದಳು. ಸಲಾಕೆ ಕೊಟ್ಟಳು. ಹೋದಳು.

ನಾನು ಹೊಸಿಲಿಗೆ ಬಂದೆ. ಹೊರಗೆ ಗಾಳಿಗಿರಣಿಯ ಅಂಗಳ. ನಡು ಮಧ್ಯಾಹ್ನ. ಚಳಿಗಾಳಿಗೆ ರೆಕ್ಕೆಗಳು ಕಿರುಗುಟ್ಟುತ್ತಿದ್ದವು. ದಾಂಡಿಗ ಕುದುರೆಯಿಂದ ಹಾರಿ ನೇರ ಬಾಗಿಲಿಗೆ ನುಗ್ಗಿದ. ಮಣಿಕಟ್ಟಿಗೆ ಸಲಾಕೆ ಇಟ್ಟೆ. ಕಿರುಚಿದ. ಕತ್ತಿನ ಪಟ್ಟಿ ಹಿಡಿದು ಕಾಲುವೆಗೆ ದೂಡಿದೆ.

ತಿರುಗುವಷ್ಟರಲ್ಲಿ ಗಿಡಿಯನ್‌ನ ಪಿಸ್ತೂಲು ನನ್ನ ಎದೆ ಮುಟ್ಟಿತ್ತು.

"ಸರಿ ಅತ್ತ, ಕಾಬ್. ಕಿತ್ತುಹೋದ ಬೂಟಿನಂಥ ನಿನ್ನ ಪ್ರಾಣ ತಗೊಂಡು ನಾನೇನ್ ಮಾಡ್ಲಿ."

"ಬೂಟು ಹಳೇದೇ. ಹೊಸಿಲಿಗೆ ಕಚ್ಕೊಂಡಿದೆ."

ಅವನು ಪಿಸ್ತೂಲಿನ ಕುದುರೆಯನ್ನು ಹಿಂದಕ್ಕೆಳೆದು ಗುಂಡಿಗೆ ಅಣಿಮಾಡಿದ.

ಆಗ ಕೇಳಿಸಿತು.

ಮಗುವಿನ ಅಳು. ದೊಡ್ಡದೇನಲ್ಲ. ಬೆಕ್ಕಿನ ಮರಿಯದಷ್ಟೇ... ಆದರೆ ಅಳು.

ಗಿಡಿಯನ್‌ನ ಎಡಗೈ ತಾನಾಗಿಯೇ ಮೇಲೆದ್ದಿತು. ಟೋಪಿ ತೆಗೆಯಿತು. ಪಿಸ್ತೂಲು ಹಿಡಿದ ಕೈ ಇಳಿಯಿತು. ಬರಿತಲೆಯ ಮೇಲೆ ಗಾಳಿ ಬೀಸುತ್ತಿದ್ದರೂ ಹಾಗೆಯೇ ನಿಂತ.

ಇಬ್ಬರೂ ಎರಡನೆಯ ಕೂಗಿಗೆ ಕಾದೆವು.

ಬರಲಿಲ್ಲ.

ಡಾರ್ಕಸ್ ಬಾಗಿಲಿಗೆ ಬಂದಳು. ತೋಳು ಮೊಣಕೈವರೆಗೂ ಒದ್ದೆ.

"ನೀರು ಹಾಕಿ, ದೇವರ ಹೆಸರು ಹೇಳಿ, ಎಡ್ಮಂಡ್ ಅಂತ ಕರೆದೆ. ಅಪ್ಪನ ಹೆಸರು. ಕಣ್ಣು ಬಿಟ್ಟು ನೋಡಿದ."

"ಈಗ?"

"ಈಗ ಇಲ್ಲ."

ಗಿಡಿಯನ್ ಟೋಪಿ ಹಾಕಿಕೊಂಡ. "ನಾನೇನೂ ಕೇಳಿಲ್ಲ" ಎಂದ. ಯಾರ ಮುಖವನ್ನೂ ನೋಡದೆ ಹೊರಟುಹೋದ. ಕಾಲುವೆಯಿಂದ ಎದ್ದ ದಾಂಡಿಗ ಕೈ ನೆಕ್ಕಿಕೊಳ್ಳುತ್ತ ಹಿಂಬಾಲಿಸಿದ.

ಲೇಡಿ ಹೊನೋರಾ ಮಗುವನ್ನು ಎದೆಗೊತ್ತಿಕೊಂಡಿದ್ದರು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ಇವನಪ್ಪನ ಪಕ್ಕದಲ್ಲಿ ಮಲಗಿಸ್ಬೇಕು. ಅಷ್ಟೇ ಸಾಕು ನಂಗೆ" ಎಂದರು. "ಸತ್ತೇ ಹುಟ್ಟಿದ್ದು ಅಂತ ಲೂಷಿಯಸ್ ಸಾಧಿಸ್ತಾನೆ. ಐದನೆಯವನು ತಾನೇ ಆಗ್ಬೇಕು ಅವನಿಗೆ. ಆಮೇಲೆ ಇಗರ್ಜಿ ಗೋಡೆ ಆಚೆ... ತುರಿಕೆ ಗಿಡದ ಮಧ್ಯೆ... ಹೆಸರಿಲ್ಲದೆ."

ಗಿರಣಿಯವನ ಹಿಟ್ಟಿನ ಪೆಟ್ಟಿಗೆಯೇ ಶವಪೆಟ್ಟಿಗೆಯಾಯಿತು. ಬೆಳಗಾಗುತ್ತಲೇ ಗಾಡಿ ಕಟ್ಟಿದೆ. ಹುಲ್ಲಿನ ಮೇಲೆ ಬಾಣಂತಿ, ಬಾಣಂತಿಯ ತೊಡೆಯ ಮೇಲೆ ಪೆಟ್ಟಿಗೆ.

ಡಾರ್ಕಸ್ ನನ್ನ ಪಕ್ಕ ಕೂತಿದ್ದಳು. ಗಿಡಿಯನ್‌ನ ಟೋಪಿಯ ಸಂಗತಿ ಹೇಳಿದೆ. ಅವಳು ತಲೆಯಾಡಿಸಿದಳು.

"ಆ ಮನೆ ಪದ್ಧತಿ ಅದು. ಪಟ್ಟಕ್ಕೆ ಬರೋ ಮಗು ಮೊದಲ ಸಲ ಅತ್ತಾಗ ಆಳುಕಾಳೆಲ್ಲ ಟೋಪಿ ತೆಗೀಬೇಕು. ಎರಡನೇ ಮಗನಿಗಿಲ್ಲ. ಲೂಷಿಯಸ್‌ನ ಈ ಕೈಯಲ್ಲೇ ಎತ್ಕೊಂಡೋಳು ನಾನು. ಊರು ಕಿತ್ತುಹೋಗೋ ಹಾಗೆ ಅತ್ತ. ಒಬ್ಬನೂ ಟೋಪಿ ಮುಟ್ಟಲಿಲ್ಲ."

ಹೊಳೆ ದಾಟುವಲ್ಲಿ ದಾಂಡಿಗ ಕಾದಿದ್ದ. ಮಣಿಕಟ್ಟಿಗೆ ಬಟ್ಟೆ, ಇನ್ನೊಂದು ಕೈಯಲ್ಲಿ ಪಿಸ್ತೂಲು.

"ಪೆಟ್ಟಿಗೆ ಇಳಿಸಿ ಹೋಗ್ತಾ ಇರು."

ಗಾಡಿ ಅವನ ಮೇಲೆಯೇ ಓಡಿಸಿದೆ. ಗುಂಡು ನನ್ನ ಭುಜ ಸವರಿ ಹೋಯಿತು. ಹೊಡೆದದ್ದು ಎಡಗೈಯಿಂದಲ್ಲವೇ... ಗುರಿ ಸಾಲದು. ಅವನು ಮತ್ತೆ ಮದ್ದು ತುಂಬುವಷ್ಟರಲ್ಲಿ ನಾವು ಆಚೆ ದಡದಲ್ಲಿದ್ದೆವು. ಹಿಂದೆ ತಿರುಗಿದೆ. ತಾಯಿ ಪೆಟ್ಟಿಗೆಯ ಮೇಲೆ ಕವುಚಿಕೊಂಡಿದ್ದರು. ಇನ್ನೂ ಕಾಪಾಡಬೇಕಾದ ಪ್ರಾಣ ಅದರೊಳಗಿದೆ ಎಂಬಂತೆ.

ಥಾರ್ನ್‌ಮಿಯರ್ ಮನೆಯ ಅಂಗಳದಲ್ಲಿ ಆಳುಗಳು ಸಾಲುಗಟ್ಟಿ ನಿಂತಿದ್ದರು. ಪಾದ್ರಿ ಬಂದಿದ್ದ. ಕಿರೀಟ ಬರೆದ ಸಾರೋಟಿಗೆ ಒರಗಿಕೊಂಡು ಲೂಷಿಯಸ್, ಅವನ ಬೆರಳಲ್ಲಿ ಮನೆತನದ ಸಮಾಧಿಕೋಣೆಯ ಬೀಗದಕೈ.

"ಪಾಪ, ಅತ್ತಿಗೆ" ಎಂದ. "ಆದ್ರೆ ಉಸಿರೇ ಆಡದ್ದಕ್ಕೆ ನಮ್ಮ ಹಿರಿಯರ ಪಕ್ಕ ಜಾಗ ಎಲ್ಲಿಂದ ತರ್ಲಿ?"

"ಅಳು ಕೇಳಿದೋರು ಯಾರಾದ್ರೂ ಇದೀರಾ?" ಪಾದ್ರಿ ಕೇಳಿದ.

"ನಾನಿದೀನಿ" ಎಂದಳು ಡಾರ್ಕಸ್.

"ಅವಳ ರೊಟ್ಟಿ ತಿನ್ನೋಳು" ಎಂದ ಲೂಷಿಯಸ್.

"ನಾನು ನಿಮ್ಮ ರೊಟ್ಟಿ ತಿಂದೋನು. ನಾನೂ ಕೇಳಿದೀನಿ" ಎಂದೆ.

"ನೀನು ರೊಟ್ಟಿ ಕೊಟ್ಟೋರ ಕೈ ಕಚ್ಚೋ ನಾಯಿ. ನಾಯಿ ಸಾಕ್ಷಿ ಯಾವ ಇಗರ್ಜಿಲಿ ನಡೆಯುತ್ತೆ?"

ಯಾರೋ ನಕ್ಕರು. ನಾನು ಸಾಲಿನ ಕೊನೆಯಲ್ಲಿದ್ದವನತ್ತ ತಿರುಗಿದೆ.

"ಗಿಡಿಯನ್. ನಿನ್ನೆ ಆ ಚಳಿಗಾಳೀಲಿ ಟೋಪಿ ತೆಗೆದ್ಯಲ್ಲ. ಸೆಖೆ ಆಗಿತ್ತಾ?"

ನಗು ನಿಂತಿತು.

"ಏನೂ ಕೇಳಿಲ್ಲ ಅಂತ ಹೇಳೋ, ಗಿಡಿಯನ್" ಎಂದ ಲೂಷಿಯಸ್. ದನಿ ಮೆಲ್ಲಗಿತ್ತು. "ನಿನ್ನ ಮನೆ, ನಿನ್ನ ಮುದುಕಿ, ಎಲ್ಲ ನನ್ನ ನೆಲದ ಮೇಲಿದೆ."

ಗಿಡಿಯನ್ ಪೆಟ್ಟಿಗೆ ನೋಡಿದ. ಅದರ ಅಂಚಿಗೆ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. ಅವನ ಎಡಗೈ ನಿಧಾನವಾಗಿ ಎದ್ದಿತು.

ಟೋಪಿ ತೆಗೆದ.

ಅವನ ಪಕ್ಕದ ಸಾರೋಟಿನವನು ತೆಗೆದ. ತೋಟದವನು ತೆಗೆದ. ಒಬ್ಬೊಬ್ಬರಾಗಿ ಇಡೀ ಸಾಲು. ಪಾದ್ರಿಯೂ ತೆಗೆದ. ಕೊನೆಗೆ ಆ ಅಂಗಳದಲ್ಲಿ ಉಳಿದದ್ದು ಒಂದೇ ಟೋಪಿ.

"ತೆಗೀರಿ, ಧಣಿ" ಎಂದಳು ಡಾರ್ಕಸ್. "ನಿಮಗಿಂತ ದೊಡ್ಡೋರು ಬಂದಿದಾರೆ."

ಲೂಷಿಯಸ್ ತೆಗೆದ. ಬೀಗದಕೈಯನ್ನು ನೆಲಕ್ಕೆ ಹಾಕಿದ. ಅದನ್ನು ಬಗ್ಗಿ ಎತ್ತಿಕೊಂಡವರು ಆ ತಾಯಿ. ಯಾರಿಗೂ ಬಿಡಲಿಲ್ಲ. ಕತ್ತಲ ಮೆಟ್ಟಿಲಿಳಿದು ತಾವೇ ಗಂಡನ ಪಕ್ಕ ಪೆಟ್ಟಿಗೆ ಇಟ್ಟರು. ಆಮೇಲೆ ಅಲ್ಲೇ ಕೂತು ಅತ್ತರು. ನಾವು ಮೇಲೆ ನಿಂತು ಕೇಳಿದೆವು. ಪೆಟ್ಟಿಗೆಯ ತಗಡಿನ ಮೇಲೆ 'ಎಡ್ಮಂಡ್, ಐದನೆಯ ಅರ್ಲ್' ಎಂದು ಮುಂದೆ ಕೆತ್ತಿಸಿದರು.

ಲೂಷಿಯಸ್ ಆ ವಾರವೇ ಗಿಡಿಯನ್‌ನ ಮನೆ ಬಿಡಿಸಿದ. ಅಂಗಳದಲ್ಲಿ ನನಗೆ ಬೀಳದ ಹೊಡೆತ ಆಮೇಲೆ ಅವನ ಬಾಡಿಗೆಯವರಿಂದ ಬಿತ್ತು. ಎಡಗಾಲು ಈಗಲೂ ಕುಂಟು.

ಲೂಷಿಯಸ್‌ಗೆ ಪಟ್ಟವೇನೋ ಸಿಕ್ಕಿತು. ಆರನೆಯ ಅರ್ಲ್. ಪಾರ್ಲಿಮೆಂಟಿನಲ್ಲಿ ಅವನು ಗಂಟೆಗಟ್ಟಲೆ ಮಾತಾಡಿದ್ದನ್ನು ನಾನು ಹಿಂದೆ ನಿಂತು ಕೇಳಿದ್ದೇನೆ.

ಐದನೆಯವನು ಮಾತಾಡಿದ್ದು ಒಂದೇ ಸಲ... ಆ ಮನೆತನದಲ್ಲಿ ಟೋಪಿ ತೆಗೆದು ಕೇಳುವಂಥ ಮಾತು ಅದೊಂದೇ.